ಹಿಂದೆ ಜೋಡಿ ಟೈರ್ ಇರುವ ಗಾಡಿಗೆ ಟೈರ್ ಆರಿಸುವುದು ಹೇಗೆ

ಟಾಟಾ 407, ಐಷರ್, ಸ್ವರಾಜ್ ಮಜ್ದಾ ಮುಂತಾದ ಆರು ಚಕ್ರದ ಗಾಡಿಗಳನ್ನು ನಮ್ಮ ಕಡೆ ಬಹುಮಟ್ಟಿಗೆ ಕ್ಯಾಂಟರ್ ಎಂಬ ಒಂದೇ ಹೆಸರಲ್ಲಿ ಕರೆಯುತ್ತಾರೆ. ಮುಂದೆ ಒಂದೊಂದು, ಹಿಂದೆ ಬದಿಗೆರಡರಂತೆ ನಾಲ್ಕು ಟೈರ್. ಮಾಲೀಕರು ಟೈರ್ ಅಂಗಡಿಗೆ ಹೋದರೆ ಮೊದಲು ಕೇಳುವುದು ಕಂಪನಿ, ಆಮೇಲೆ ರೇಟು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹಿಂದಿನ ನಾಲ್ಕು ಟೈರಿನ ಬಾಳಿಕೆ ಅವೆರಡಕ್ಕಿಂತ ಹೆಚ್ಚಾಗಿ ಜೋಡಿ ಕೂಡಿಬಂದಿದೆಯೇ ಎಂಬುದರ ಮೇಲೆ ನಿಂತಿದೆ.

ಪಕ್ಕಪಕ್ಕದ ಎರಡು ಚಕ್ರಗಳನ್ನು ಒಂದೇ ಹಬ್‌ಗೆ, ಒಂದೇ ಸ್ಟಡ್‌ಗಳಿಗೆ ಬಿಗಿದಿರುತ್ತಾರೆ. ಒಂದು ಎಷ್ಟು ಸುತ್ತು ತಿರುಗುತ್ತದೋ ಇನ್ನೊಂದೂ ಅಷ್ಟೇ ಸುತ್ತು. ಎಡ-ಬಲ ಚಕ್ರಗಳ ನಡುವಿನ ವ್ಯತ್ಯಾಸ ಸರಿದೂಗಿಸಲು ಡಿಫರೆನ್ಷಿಯಲ್ ಇದೆ. ಒಂದೇ ಬದಿಯ ಒಳಟೈರು ಮತ್ತು ಹೊರಟೈರಿನ ನಡುವೆ ಅಂಥ ಯಾವ ಏರ್ಪಾಡೂ ಇಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ಆಗಿಬಿಟ್ಟರೆ ಚಿಕ್ಕದು ಪ್ರತಿ ಸುತ್ತಿಗೂ ರಸ್ತೆಯ ಮೇಲೆ ಉಜ್ಜಿಕೊಂಡೇ ಸಾಗಬೇಕು.

ಎಷ್ಟು ಉಜ್ಜುತ್ತದೆ ಎಂದು ಲೆಕ್ಕ ಹಾಕಬಹುದು. ಈ ವರ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 7.50-16 ಸೈಜಿನ ಟೈರಿನ ಹೊರವ್ಯಾಸ ಸುಮಾರು 805 ಮಿ.ಮೀ., ಸುತ್ತಳತೆ ಎರಡೂವರೆ ಮೀಟರಿಗೆ ತುಸು ಹೆಚ್ಚು. ಜೋಡಿಯ ಎರಡು ಟೈರುಗಳ ವ್ಯಾಸದಲ್ಲಿ 6 ಮಿ.ಮೀ. ವ್ಯತ್ಯಾಸ ಇದ್ದರೆ ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ವ್ಯತ್ಯಾಸ. ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 400 ಸುತ್ತು. ಅಂದರೆ ಕಿಲೋಮೀಟರಿಗೆ ಏಳೂವರೆ ಮೀಟರಿನಷ್ಟು ದೂರವನ್ನು ಟೈರು ಉರುಳಿ ಕ್ರಮಿಸುವುದಿಲ್ಲ, ಜಾರಿ ಕ್ರಮಿಸುತ್ತದೆ. 10,000 ಕಿ.ಮೀ. ಓಡಿದರೆ ಅದರಲ್ಲಿ 75 ಕಿ.ಮೀ. ಬರೀ ಉಜ್ಜಾಟ. 8.25ರವರೆಗಿನ ಸೈಜಿಗೆ ಟೈರ್ ಉದ್ಯಮ ಒಪ್ಪುವ ಗರಿಷ್ಠ ಮಿತಿಯೇ ಈ 6 ಮಿ.ಮೀ. 9.00 ಮತ್ತು ಅದಕ್ಕಿಂತ ದೊಡ್ಡ ಲಾರಿ ಟೈರುಗಳಿಗೆ ಅದರ ಎರಡರಷ್ಟು, ಸುಮಾರು 12 ಮಿ.ಮೀ.

ಈ ಮಿತಿಯನ್ನು ಸವೆತದ ಲೆಕ್ಕಕ್ಕೆ ತಂದರೆ ದಿನಬಳಕೆಗೆ ಸುಲಭ. ಬಟನ್, ಅಂದರೆ ರಸ್ತೆಗೆ ತಾಗುವ ಅಚ್ಚಿನ ರಬ್ಬರ್, 3 ಮಿ.ಮೀ. ಸವೆದರೆ ವ್ಯಾಸ 6 ಮಿ.ಮೀ. ಇಳಿಯುತ್ತದೆ. ಆದ್ದರಿಂದ ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಟೈರುಗಳ ಬಟನ್ ಆಳದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಅಂತರ ಇದ್ದರೆ ಅವು ಜೋಡಿಯಾಗಲು ಯೋಗ್ಯವಲ್ಲ. 12 ಮಿ.ಮೀ. ಬಟನ್ ಇರುವ ಹೊಸ ಟೈರನ್ನು 5 ಮಿ.ಮೀ. ಉಳಿದಿರುವ ಹಳೆಯದರ ಪಕ್ಕಕ್ಕೆ ಹಾಕಿದರೆ ವ್ಯಾಸದ ವ್ಯತ್ಯಾಸ 14 ಮಿ.ಮೀ. ದೊಡ್ಡದಾದ ಹೊಸ ಟೈರಿನ ಮೇಲೆ ಭಾರ ಹೆಚ್ಚು ಬೀಳುತ್ತದೆ, ಅದು ಕಾದು ಬಿಸಿಯಾಗುತ್ತದೆ. ಹಳೆಯದು ಉಜ್ಜಿಕೊಂಡು ಅಂಕುಡೊಂಕಾಗಿ ಸವೆಯುತ್ತದೆ. ದುಡ್ಡು ಕೊಟ್ಟು ತಂದ ಹೊಸ ಟೈರು ಬಟನ್ ಇರುವಾಗಲೇ ಪದರ ಬಿಟ್ಟುಕೊಂಡರೆ ದೂರು ಕಂಪನಿಯ ಮೇಲೆ ಹೋಗುತ್ತದೆ. ಕಾರಣ ಎಷ್ಟೋ ಸಲ ಪಕ್ಕದ ಟೈರಿನಲ್ಲಿರುತ್ತದೆ.

ಟೈರಿನ ಮೇಲಿನ ಎರಡು ಭಾರ

ಈ ಗಾಡಿಗಳ ಟೈರಿನ ಪಕ್ಕೆಯಲ್ಲಿ ಇಂಥದೊಂದು ಸಾಲು ಇರುತ್ತದೆ: 7.50 ಆರ್ 16 ಎಲ್‌ಟಿ, 14 ಪಿಆರ್, 122/118 ಎಲ್. ಮೊದಲನೆಯದು ಅಗಲ ಮತ್ತು ರಿಮ್ಮಿನ ಇಂಚು. ಆರ್ ಎಂದರೆ ರೇಡಿಯಲ್, ಒಳಗಿನ ದಾರ ಅಂಚಿನಿಂದ ಅಂಚಿಗೆ ನೇರ ಹಾದಿರುವ ಬಗೆ. ದಾರ ಓರೆಯಾಗಿ ಹಾದಿರುವ ನೈಲಾನ್ ಟೈರಾದರೆ ಆ ಜಾಗದಲ್ಲಿ ಅಡ್ಡಗೆರೆ ಮಾತ್ರ. ಎಲ್‌ಟಿ ಎಂದರೆ ಲೈಟ್ ಟ್ರಕ್. 14 ಪಿಆರ್ ಎಂಬುದು ಗಟ್ಟಿತನದ ದರ್ಜೆ. ಒಳಗೆ 14 ಪದರ ಇದೆ ಎಂದೇನೂ ಅಲ್ಲ. ಕೊನೆಯ ಎಲ್ ವೇಗದ ಮಿತಿ, ಗಂಟೆಗೆ 120 ಕಿ.ಮೀ.

ಜೋಡಿ ಟೈರಿನ ಗಾಡಿಗೆ ಮುಖ್ಯವಾದದ್ದು 122/118. ಇವು ಕಿಲೋ ಅಲ್ಲ, ಭಾರದ ಸೂಚ್ಯಂಕ. 122 ಎಂದರೆ 1,500 ಕೆ.ಜಿ., 118 ಎಂದರೆ 1,320 ಕೆ.ಜಿ. ಮೊದಲನೆಯದು ಆ ಟೈರನ್ನು ಒಂಟಿಯಾಗಿ, ಅಂದರೆ ಮುಂದೆ ಹಾಕಿದಾಗ. ಎರಡನೆಯದು ಜೋಡಿಯಲ್ಲಿ ಹಾಕಿದಾಗ. ಅದೇ ಟೈರು, ಅದೇ ಗಾಳಿ, ಆದರೂ ಜೋಡಿಯಲ್ಲಿ 180 ಕೆ.ಜಿ. ಕಡಿಮೆ. ಇಬ್ಬರು ಹೊತ್ತರೂ ಭಾರ ಸರಿಸಮ ಹಂಚಿಕೆಯಾಗುವುದಿಲ್ಲ ಎಂಬುದನ್ನು ತಯಾರಕರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ನಡು ಉಬ್ಬಿ ಅಂಚಿಗೆ ಇಳಿಜಾರಾಗಿರುವ ರಸ್ತೆಯ ನಟ್ಟನಡುವೆ ಗಾಡಿ ಓಡುವಾಗ ಎರಡೂ ಬದಿಯ ಒಳಟೈರಿನ ಮೇಲೆ ಹೆಚ್ಚು ಭಾರ. ಲೋಡ್ ಬಿದ್ದಾಗ ಹಿಂದಿನ ಆಕ್ಸಲ್ಲಿನ ಹೌಸಿಂಗ್ ಕೂದಲೆಳೆಯಷ್ಟು ಬಾಗುವುದರಿಂದಲೂ ಒಳಟೈರಿಗೇ ಹೆಚ್ಚು.

ಒಳಟೈರಿನ ಪಾಡು ಅಷ್ಟಕ್ಕೇ ಮುಗಿಯುವುದಿಲ್ಲ. ಅದು ಬ್ರೇಕ್ ಡ್ರಮ್ಮಿಗೆ ಹತ್ತಿರ, ಗಾಳಿಯಾಟ ಕಡಿಮೆ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡ್ ಗಾಡಿ ಬ್ರೇಕ್ ಮೇಲೆ ಇಳಿಯುವಾಗ ಡ್ರಮ್ಮಿನ ಕಾವೆಲ್ಲ ನೇರ ಒಳಗಿನ ರಿಮ್ಮಿಗೆ, ಅಲ್ಲಿಂದ ಟ್ಯೂಬಿಗೆ. ಹೀಗಿದ್ದೂ ಪ್ಯಾಚ್ ಹಾಕಿದ, ಪಕ್ಕೆ ಬಿರಿದ ಟೈರನ್ನು ಕಣ್ಣಿಗೆ ಬೀಳದಿರಲೆಂದು ಒಳಗೆ ಹಾಕುವ ರೂಢಿ ಇದೆ. ಇದು ತೀರಾ ತಪ್ಪು. ಮಿತಿಯೊಳಗಿನ ವ್ಯತ್ಯಾಸ ಇದ್ದಾಗ ವ್ಯಾಸದಲ್ಲಿ ತುಸು ಚಿಕ್ಕದನ್ನು ಒಳಗೆ, ದೊಡ್ಡದನ್ನು ಹೊರಗೆ ಹಾಕುವುದು ಸರಿ. ಆದರೆ ಒಳಗೆ ಹೋಗುವುದರ ಕೇಸಿಂಗ್ (ಬಟನ್ ಬಿಟ್ಟು ಉಳಿದ ಟೈರಿನ ಒಡಲು) ಗಟ್ಟಿಯಾಗಿರಲೇಬೇಕು.

ನಿಮ್ಮ ಗಾಡಿಗೆ ಯಾವ ದರ್ಜೆ ಬೇಕೆಂದು ತಿಳಿಯಲು ವೇ ಬ್ರಿಡ್ಜ್ ಸಾಕು. ಎಪಿಎಂಸಿ ಯಾರ್ಡಿನಲ್ಲೋ ಸಕ್ಕರೆ ಕಾರ್ಖಾನೆಯ ಬಳಿಯೋ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಹೇರುವ ಲೋಡ್ ಹಾಕಿ ಪೂರ್ತಿ ಗಾಡಿ ಒಮ್ಮೆ ತೂಗಿಸಿ. ಆಮೇಲೆ ಮುಂದಿನ ಚಕ್ರ ಕಟ್ಟೆಯಿಂದ ಆಚೆ ಇಳಿಸಿ ಹಿಂದಿನದನ್ನಷ್ಟೇ ತೂಗಿಸಿ. ಒಟ್ಟು 6,900 ಕೆ.ಜಿ. ಬಂದು ಹಿಂದಿನದು 4,600 ಇದ್ದರೆ ಹಿಂದಿನ ಪ್ರತಿ ಟೈರಿಗೆ 1,150, ಮುಂದಿನ ಪ್ರತಿ ಟೈರಿಗೂ 1,150. ಮೇಲಿನ ಉದಾಹರಣೆಯ ಟೈರಿಗೆ ಇದು ಒಗ್ಗುತ್ತದೆ, ಹಿಂದೆ ತಲಾ 170 ಕೆ.ಜಿ. ಮಿಗುತ್ತದೆ. ಆ ಮಿಗುವ ಅಂಶ ಹಾಗೇ ಇರಲಿ. ಅದು ಇನ್ನೆರಡು ಮೂಟೆ ಹೇರಲು ಇರುವ ಅವಕಾಶವಲ್ಲ. ತಿರುವಿನಲ್ಲಿ, ಹೊಂಡದಲ್ಲಿ ಒಂದು ಕಡೆಗೆ ವಾಲುವ ಭಾರಕ್ಕೆ ಅದು ಬೇಕು.

ಪಿಆರ್ ಹೆಚ್ಚಿಸಿದರೆ ಲೋಡ್ ಹೆಚ್ಚು ಹಾಕಬಹುದು ಎಂಬ ಮಾತು ಸ್ಟ್ಯಾಂಡಿನಲ್ಲಿ ದಿನಾ ಕೇಳಿಬರುತ್ತದೆ. 14ರ ಬದಲು 16 ಪಿಆರ್ ಟೈರು ಹೆಚ್ಚು ಗಾಳಿ ತಡೆಯುತ್ತದೆ, ಆ ಗಾಳಿ ಹಾಕಿದರೆ ಮಾತ್ರ ಹೆಚ್ಚು ಭಾರ ತಡೆಯುತ್ತದೆ. ರಿಮ್ಮು, ಹಬ್ ಬೇರಿಂಗ್, ಸ್ಪ್ರಿಂಗ್ ಪಟ್ಟಾ, ಬ್ರೇಕ್ ಯಾವುದೂ ಅದರ ಜೊತೆ ಬಲಿಯುವುದಿಲ್ಲ. ಗಾಡಿಯ ಆರ್‌ಸಿಯಲ್ಲಿರುವ ಒಟ್ಟು ತೂಕ ಹಾಗೇ ಇರುತ್ತದೆ. ಕಲ್ಲು ರಸ್ತೆಯಲ್ಲಿ ಪಕ್ಕೆ ಗಟ್ಟಿ ಇರಲಿ ಎಂದು 16 ಪಿಆರ್ ಆರಿಸುವುದಾದರೆ ಅದು ಒಪ್ಪುವ ಕಾರಣ.

ದೊಡ್ಡ ಸೈಜು ಹಾಕುವ ಆಸೆ

7.50 ತೆಗೆದು 8.25-16 ಹಾಕಿಸುವವರು ಬಹಳ. ಗಾಡಿ ಎತ್ತರ ಕಾಣುತ್ತದೆ, ಟೈರು ದಪ್ಪ ಕಾಣುತ್ತದೆ. ಕೆಡುವುದು ಜೋಡಿಯ ನಡುವಿನ ಸಂದಿನಲ್ಲಿ. ಹಿಂದಿನ ಎರಡು ರಿಮ್ಮುಗಳ ನಡುವಿನ ಅಂತರವನ್ನು ರಿಮ್ಮಿನ ಡಿಸ್ಕಿನ ಆಳವೇ ನಿರ್ಧರಿಸಿಬಿಟ್ಟಿರುತ್ತದೆ. ಟೈರು ದಪ್ಪವಾದರೆ ಸಂದು ಕಿರಿದಾಗಲೇಬೇಕು. 7.50ರ ಅಗಲ ಸುಮಾರು 215 ಮಿ.ಮೀ., 8.25ರದು ಸುಮಾರು 235. ಒಂದೊಂದು ಟೈರೂ ಒಳಮುಖವಾಗಿ 10 ಮಿ.ಮೀ. ಉಬ್ಬಿದರೆ ಸಂದಿನಲ್ಲಿ 20 ಮಿ.ಮೀ. ಹೋಯಿತು. ಲೋಡ್ ಬಿದ್ದಾಗ ನೆಲದ ಹತ್ತಿರ ಪಕ್ಕೆ ಇನ್ನಷ್ಟು ಉಬ್ಬುತ್ತದೆ. ಅಲ್ಲಿ ಎರಡು ಟೈರಿನ ಪಕ್ಕೆಗಳು ಒಂದಕ್ಕೊಂದು ತಾಗಿದರೆ ಪ್ರತಿ ಸುತ್ತಿಗೂ ತಿಕ್ಕಾಟ, ಕಾವು, ಕೊನೆಗೆ ಪಕ್ಕೆ ಸೀಳುವುದು. ತಿಕ್ಕಾಟದ ಗುರುತು ಒಳಪಕ್ಕೆಯಲ್ಲಿ ನುಣ್ಣನೆಯ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಚಕ್ರ ಬಿಚ್ಚಿದಾಗ ಅದನ್ನು ಹುಡುಕಿ ನೋಡಿ.

ನೋಡುವ ಕ್ರಮ ಸುಲಭ. ಪೂರ್ತಿ ಲೋಡ್ ಹಾಕಿ, ಸರಿಯಾದ ಗಾಳಿ ಇಟ್ಟು, ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಜೋಡಿಯ ನಡುವೆ ಹಿಂದಿನಿಂದ ಟಾರ್ಚ್ ಬಿಟ್ಟು, ಟೈರು ನೆಲಕ್ಕೆ ಊರಿದ ಕಡೆ ಬೆಳಕು ತೂರಿ ಬರುತ್ತದೆಯೇ ನೋಡಿ. ಬೆರಳು ಸಲೀಸಾಗಿ ಆಡದಿದ್ದರೆ ಆ ಸೈಜು ಆ ರಿಮ್ಮಿಗೆ ಅಲ್ಲ. ಖಾಲಿ ಗಾಡಿಯಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಎತ್ತರದ್ದೂ ಒಂದು ಲೆಕ್ಕವಿದೆ. 8.25-16ರ ವ್ಯಾಸ ಸುಮಾರು 855 ಮಿ.ಮೀ., ಅಂದರೆ ಶೇ. 6ರಷ್ಟು ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 64ರಲ್ಲಿ ಓಡುತ್ತಿರುತ್ತದೆ, ಚಡಾವಿನಲ್ಲಿ ಎಳೆತ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಬ್ರೇಕಿಗೂ ಕೆಲಸ ಹೆಚ್ಚು. 8.25ಕ್ಕೆ ಬೇಕಾದ ರಿಮ್ಮಿನ ಅಗಲವೂ ಬೇರೆ. ಕಂಪನಿಯೇ ಆ ಸೈಜು ಕೊಡುವ ಮಾದರಿ ಬೇರೆ ಇದ್ದರೆ ಅದರ ರಿಮ್ಮು, ಗೇರಿನ ಅನುಪಾತ ಎಲ್ಲ ಅದಕ್ಕೆ ತಕ್ಕಂತೆ ಇರುತ್ತದೆ. ಟೈರನ್ನಷ್ಟೇ ಎರವಲು ತಂದರೆ ಆಗುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಟ್ರೇಲರ್ ಎಳೆಯಲು ರ‍್ಯಾಮ್ 3500, ಫೋರ್ಡ್ ಎಫ್-350ಯಂಥ ಹಿಂದೆ ಜೋಡಿ ಚಕ್ರದ ಪಿಕಪ್ ಕೊಂಡಿದ್ದರೆ ಅವರಿಗೂ ಇದೇ ಮಾತು. ರ‍್ಯಾಮ್ 3500ಕ್ಕೆ ಬರುವ ಎಲ್‌ಟಿ 235/80 ಆರ್ 17 ಟೈರಿನ ಸೂಚ್ಯಂಕ 120/117: ಒಂಟಿಗೆ 1,400 ಕೆ.ಜಿ., ಜೋಡಿಯಲ್ಲಿ 1,285. ಅಂದಕ್ಕೆಂದು ಅಗಲದ ಆಲ್-ಟೆರೇನ್ ಟೈರು ಹಾಕಿದರೆ ಅಲ್ಲಿಯೂ ಮೊದಲು ಮುಚ್ಚುವುದು ಈ ಸಂದೇ.

ನೈಲಾನೋ, ರೇಡಿಯಲ್ಲೋ, ಗೆರೆಯೋ, ಬಟನ್ನೋ

ರೇಡಿಯಲ್ ಕಡಿಮೆ ಕಾಯುತ್ತದೆ, ಹೆಚ್ಚು ಕಿಲೋಮೀಟರ್ ಕೊಡುತ್ತದೆ, ಡೀಸೆಲ್ಲಿನಲ್ಲೂ ಉಳಿಸುತ್ತದೆ. ನೈಲಾನಿನ ಪಕ್ಕೆ ದಪ್ಪ, ಕಲ್ಲಿನ ಹೊಡೆತ ತಾಳುತ್ತದೆ, ಬೆಲೆ ಕಡಿಮೆ. ಕೋಲಾರದ ಟೊಮೇಟೊ ತುಂಬಿಕೊಂಡು ಚೆನ್ನೈಗೆ ಹೆದ್ದಾರಿಯಲ್ಲಿ ಓಡುವ ಗಾಡಿಗೆ ರೇಡಿಯಲ್ ಬಿಟ್ಟು ಬೇರೆ ಯೋಚನೆ ಬೇಡ. ದಕ್ಷಿಣ ಕನ್ನಡದ ಕೆಂಪುಕಲ್ಲಿನ ಕೋರೆಗೋ ಜಲ್ಲಿ ಕ್ರಷರಿಗೋ ದಿನಾ ಇಳಿದು ಹತ್ತುವ ಗಾಡಿಗೆ ನೈಲಾನ್ ಇನ್ನೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿ ಟೈರು ಸವೆದು ಸಾಯುವುದಕ್ಕಿಂತ ಸೀಳಿ ಸಾಯುವುದೇ ಹೆಚ್ಚು. ಯಾವುದೇ ಆರಿಸಿ, ಒಂದೇ ಆಕ್ಸಲ್ಲಿನಲ್ಲಿ ಎರಡನ್ನೂ ಬೆರೆಸಬೇಡಿ. ಜೋಡಿಯೊಳಗೆ ಬೆರೆಸುವುದಂತೂ ಬೇಡವೇ ಬೇಡ. ಪಕ್ಕೆಯ ಮೇಲೆ ಒಂದೇ ಸೈಜು ಎಂದಿದ್ದರೂ ಎರಡರ ನಿಜವಾದ ವ್ಯಾಸ ಬೇರೆ, ಭಾರಕ್ಕೆ ಕುಗ್ಗುವ ಬಗೆಯೂ ಬೇರೆ. ಎಂಆರ್‌ಎಫ್, ಅಪೊಲೊ, ಸಿಯಟ್, ಜೆಕೆ ಹೀಗೆ ಕಂಪನಿ ಬದಲಾದರೂ ವ್ಯಾಸದಲ್ಲಿ ಕೆಲವು ಮಿಲಿಮೀಟರ್ ಬದಲಾಗುವುದುಂಟು. ಜೋಡಿಗೆ ಒಂದೇ ಕಂಪನಿ, ಒಂದೇ ಮಾದರಿ ತೆಗೆದುಕೊಂಡರೆ ತಲೆನೋವಿಲ್ಲ.

ಅಚ್ಚಿನ ವಿಷಯ ಇಷ್ಟೇ: ಸುತ್ತಲೂ ಗೆರೆ ಓಡುವ ಟೈರು ಮುಂದೆ, ಸ್ಟೀರಿಂಗ್ ಮಾತು ಕೇಳುತ್ತದೆ. ಅಡ್ಡಡ್ಡ ದಪ್ಪ ಬಟನ್ನಿನದು ಹಿಂದೆ, ಕೆಸರಿನಲ್ಲಿ ಹಿಡಿತ ಕೊಡುತ್ತದೆ. ಡಾಂಬರಿನಲ್ಲೇ ಓಡುವ ಗಾಡಿಗೆ ಹಿಂದೆಯೂ ಗೆರೆ ಟೈರು ಅಥವಾ ಎರಡೂ ಬೆರೆತ ಅಚ್ಚು ವಾಸಿ. ದಪ್ಪ ಬಟನ್ ಹೆದ್ದಾರಿ ವೇಗದಲ್ಲಿ ಸುಮ್ಮನೆ ಕಾಯುತ್ತದೆ, ಒಂದೊಂದು ಬಟನ್ನಿನ ಒಂದೊಂದು ಅಂಚು ಮಾತ್ರ ಸವೆದು ಗರಗಸದಂತಾಗುತ್ತದೆ.

ಟ್ಯೂಬ್ ಇರುವ ಟೈರಾದರೆ ಟೈರಿನ ಜೊತೆ ಹೊಸ ಟ್ಯೂಬು, ಹೊಸ ಫ್ಲ್ಯಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಹಾಕಿಸಿ. ಹಳೆ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ. ರೇಡಿಯಲ್ಲಿಗೆ ರೇಡಿಯಲ್ ಟ್ಯೂಬೇ ಆಗಬೇಕು. ಪಕ್ಕೆಯ ಮೇಲಿನ ತಾರೀಖನ್ನೂ ನೋಡಿ: ಕೊನೆಯ ನಾಲ್ಕು ಅಂಕಿ 3224 ಎಂದಿದ್ದರೆ 2024ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಜೋಡಿಯ ಎರಡೂ ಒಂದೇ ಆಸುಪಾಸಿನ ತಾರೀಖಿನವಾದರೆ ಒಳ್ಳೆಯದು. ಐಎಸ್‌ಐ ಗುರುತು ಇರಲೇಬೇಕು, ಬಿಲ್ಲಿನಲ್ಲಿ ಟೈರಿನ ನಂಬರ್ ಬರೆಸಿಕೊಳ್ಳಿ. ಕ್ಲೇಮಿಗೆ ಹೋದರೆ ಅದನ್ನೇ ಕೇಳುತ್ತಾರೆ.

ಇರುವ ಟೈರುಗಳನ್ನು ಜೋಡಿ ಕಟ್ಟುವುದು

ಆರನ್ನೂ ಒಟ್ಟಿಗೆ ಬದಲಾಯಿಸುವವರು ಕಡಿಮೆ. ಹಾಗಾಗಿ ಮನೆಯಲ್ಲಿರುವ ಟೈರುಗಳನ್ನೇ ಸರಿಯಾಗಿ ಜೋಡಿ ಮಾಡುವ ಕೆಲಸ ಹೊಸ ಟೈರ್ ಕೊಳ್ಳುವಷ್ಟೇ ಮುಖ್ಯ. ಎಲ್ಲವಕ್ಕೂ ಒಂದೇ ಗಾಳಿ ಹಾಕಿ ಒಂದು ದಿನ ಬಿಡಿ. ಹೊಸ ಟೈರು, ಅದರಲ್ಲೂ ನೈಲಾನ್, ಗಾಳಿ ತುಂಬಿದ ಮೇಲೆ ಹಿಗ್ಗುತ್ತದೆ. ಕೂಡಲೇ ಅಳೆದರೆ ಅಳತೆ ಸುಳ್ಳಾಗುತ್ತದೆ. ಆಮೇಲೆ ಸ್ಟೀಲ್ ಟೇಪನ್ನು ಬಟನ್ನಿನ ನಟ್ಟನಡುವೆ ಸುತ್ತಿ ಸುತ್ತಳತೆ ಅಳೆದು ಸೀಮೆಸುಣ್ಣದಲ್ಲಿ ಟೈರಿನ ಮೇಲೇ ಬರೆಯಿರಿ. ನಾಲ್ಕು ಟೈರು 2531, 2507, 2526, 2512 ಮಿ.ಮೀ. ಬಂದವೆನ್ನಿ. ಕೈಗೆ ಸಿಕ್ಕ ಮೊದಲೆರಡನ್ನು ಜೋಡಿ ಮಾಡಿದರೆ 24 ಮಿ.ಮೀ. ವ್ಯತ್ಯಾಸ, 19ರ ಮಿತಿ ದಾಟಿತು. 2531ಕ್ಕೆ 2526, 2512ಕ್ಕೆ 2507 ಹಾಕಿದರೆ ಎರಡೂ ಜೋಡಿಯಲ್ಲಿ ಐದೈದೇ. ಎಡ-ಬಲದ ನಡುವೆ ಉಳಿಯುವ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನುಂಗಿಕೊಳ್ಳುತ್ತದೆ, ಆದರೂ ಅದು ಕಡಿಮೆ ಇದ್ದಷ್ಟೂ ಕ್ರೌನ್ ಪಿನಿಯನ್ ಪಕ್ಕದ ಸಣ್ಣ ಗೇರುಗಳಿಗೆ ಒಳ್ಳೆಯದು.

ಗಾಡಿ ಮೇಲೇ ಇರುವಾಗ ನೋಡಲು ನೆಟ್ಟಗಿರುವ ಒಂದು ಮರದ ರೀಪು ಸಾಕು. ಜಾಕ್ ಕೊಟ್ಟು ಎತ್ತಿ, ನಾಲ್ಕೂ ಟೈರಿನ ಮೇಲೆ ಅಡ್ಡ ಹಿಡಿದರೆ ಯಾವುದು ಗಿಡ್ಡ ಎಂದು ಅಲ್ಲೇ ಗೊತ್ತಾಗುತ್ತದೆ.

ಆರಕ್ಕೂ ಒಂದೇ ಅಚ್ಚು ಹಾಕುವವರಿಗೆ ಒಂದು ಒಳ್ಳೆಯ ಸರದಿ ಇದೆ. ಹೊಸದನ್ನು ಯಾವಾಗಲೂ ಎರಡೆರಡಾಗಿ ಕೊಂಡು ಮುಂದೆ ಹಾಕಿ. ಮುಂದಿನ ಟೈರ್ ಬರ್ಸ್ಟ್ ಆದರೆ ಸ್ಟೀರಿಂಗ್ ಕೈ ಬಿಡುವುದರಿಂದ ಒಳ್ಳೆಯದು ಅಲ್ಲಿರಬೇಕು. ಮುಂದೆ ಇದ್ದ ಎರಡು ಹೆಚ್ಚುಕಡಿಮೆ ಸಮನಾಗಿ ಸವೆದಿರುತ್ತವೆ. ಅವನ್ನು ಬಿಡಿಸದೆ ಹಿಂದಿನ ಒಂದು ಬದಿಗೆ ಜೋಡಿಯಾಗಿಯೇ ಹಾಕಿ, ಅಲ್ಲಿಂದ ಬಂದ ಜೋಡಿಯನ್ನು ರೀಸೋಲಿಗೆ, ಅಂದರೆ ಸವೆದ ಬಟನ್ ಮೇಲೆ ಹೊಸ ರಬ್ಬರ್ ಹಾಕಿಸಲು, ಕಳಿಸಿ.

ಕಷ್ಟ ಬರುವುದು ಹಿಂದಿನ ನಾಲ್ಕರಲ್ಲಿ ಒಂದೇ ಒಂದು ಬರ್ಸ್ಟ್ ಆದಾಗ. ಅರ್ಧ ಸವೆದದ್ದರ ಪಕ್ಕಕ್ಕೆ ಹೊಚ್ಚ ಹೊಸದು ಬಂದು ಕೂರುತ್ತದೆ. ಇದಕ್ಕೆ ಮುಂಜಾಗ್ರತೆ ಎಂದರೆ ಸ್ಟೆಪ್ನಿಯಾಗಿ ಹೊಸ ಟೈರು ಇಡದಿರುವುದು. ಹಿಂದಿನ ಟೈರುಗಳಷ್ಟೇ ಸವೆದ, ಕೇಸಿಂಗ್ ಗಟ್ಟಿ ಇರುವ ಒಂದನ್ನು ಸ್ಟೆಪ್ನಿ ಮಾಡಿಕೊಂಡರೆ ನಡುದಾರಿಯಲ್ಲಿ ಹಾಕಿದ್ದೂ ಜೋಡಿಗೆ ಹೊಂದುತ್ತದೆ.

ರೀಸೋಲ್ ಮಾಡಿಸುವವರು 3 ಮಿ.ಮೀ. ಬಟನ್ ಇರುವಾಗಲೇ ಬಿಚ್ಚಿ ಕಳಿಸಬೇಕು. ಕಾನೂನು ಕೇಳುವ ಕನಿಷ್ಠ ಆಳ 1.6 ಮಿ.ಮೀ.; ಅದಕ್ಕೂ ಕೆಳಗೆ, ದಾರ ಕಾಣುವವರೆಗೆ ಓಡಿಸಿದ ಕೇಸಿಂಗನ್ನು ಒಳ್ಳೆಯ ಶೆಡ್ಡಿನವರು ತೆಗೆದುಕೊಳ್ಳುವುದೇ ಇಲ್ಲ. ರೀಸೋಲ್ ಟೈರು ಮುಂದಕ್ಕೆ ಬೇಡ. ಹಿಂದೆ ಹಾಕುವಾಗ ಎರಡೂ ಒಂದೇ ಶೆಡ್ಡಿನಲ್ಲಿ ಒಂದೇ ಅಚ್ಚಿನ, ಒಂದೇ ಆಳದ ರಬ್ಬರ್ ಹಾಕಿಸಿದವಾಗಿರಲಿ, ಮತ್ತೆ ಅಳೆದೇ ಜೋಡಿ ಮಾಡಿ.

ಗಾಳಿ ಮತ್ತು ಬಿಗಿತ

ಅಳೆದು ಜೋಡಿ ಮಾಡಿದ್ದನ್ನು ಕೆಡಿಸುವುದು ಗಾಳಿ. ಒಳಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದು ಕುಗ್ಗಿ ಚಿಕ್ಕದಾಗುತ್ತದೆ, ಮತ್ತೆ ಅದೇ ಉಜ್ಜಾಟ. ಒಳ-ಹೊರ ಟೈರುಗಳ ಗಾಳಿಯಲ್ಲಿ 5 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಿಡಬಾರದು, ನೋಡುವುದು ಟೈರು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ. ರಾಡ್ ಬಡಿದು ಸದ್ದು ಕೇಳುವ ಪದ್ಧತಿಯಿಂದ ಪೂರ್ತಿ ಪಂಚರ್ ಆದದ್ದು ಗೊತ್ತಾದೀತು. 90 ಇರಬೇಕಾದ ಕಡೆ 65 ಇರುವುದು ಗೊತ್ತಾಗುವುದಿಲ್ಲ. ಒಳಟೈರಿನ ವಾಲ್ವ್ ಕೈಗೆ ಸಿಗದೆ ಗೇಜು ಹಾಕುವುದೇ ತಪ್ಪಿಹೋಗುತ್ತದೆ. ಆದ್ದರಿಂದ ಚಕ್ರ ಜೋಡಿಸುವಾಗಲೇ ಒಳಟೈರಿನ ವಾಲ್ವ್ ಹೊರರಿಮ್ಮಿನ ಕಿಂಡಿಗೆ ನೇರ ಬರುವಂತೆ, ಹೊರಟೈರಿನ ವಾಲ್ವ್ ಅದರ ಎದುರು ಬದಿಗೆ ಬರುವಂತೆ ಕೂರಿಸಿ. ಉದ್ದ ವಾಲ್ವಿನ ಟ್ಯೂಬನ್ನೋ ಎಕ್ಸ್‌ಟೆನ್ಷನ್ನೋ ಬಳಸಿ.

ಒಂದು ಇಳಿದರೆ ಇನ್ನೊಂದು ಹೊರುತ್ತದೆ ಎಂಬ ಧೈರ್ಯ ಒಳ್ಳೆಯದಲ್ಲ. ಪೂರ್ತಿ ಲೋಡಿನಲ್ಲಿ ಒಂದು ಜೋಡಿ ಹೊರುವುದು 1,320ರಂತೆ 2,640 ಕೆ.ಜಿ. ಒಂದು ಪಂಚರ್ ಆದರೆ ಅಷ್ಟೂ ಭಾರ ಒಂಟಿಯಾಗಿ 1,500 ಹೊರಬಲ್ಲ ಟೈರಿನ ಮೇಲೆ. ಮುಕ್ಕಾಲು ಪಾಲು ಓವರ್‌ಲೋಡ್. ಇಳಿದ ಟೈರು ಪಕ್ಕದಲ್ಲೇ ಮುದುಡಿಕೊಂಡು ಉರುಳುತ್ತಾ ಕಾದು ಹೊಗೆ, ಬೆಂಕಿ ಏಳುವುದೂ ಉಂಟು. ನಿಗದಿತ ಗಾಳಿಗಿಂತ ಶೇ. 20 ಕಡಿಮೆಯಲ್ಲಿ ಓಡಿದ ಟೈರನ್ನು ಪಂಚರ್ ಟೈರೆಂದೇ ಎಣಿಸಬೇಕು, ಬಿಚ್ಚಿ ಒಳಗಿನ ದಾರ ನೋಡದೆ ಮತ್ತೆ ಗಾಳಿ ತುಂಬಬಾರದು.

ಬಿಚ್ಚುವಾಗ ಒಂದು ಕಡ್ಡಾಯ: ನಟ್ ಸಡಿಲಿಸುವ ಮೊದಲು ಒಳ-ಹೊರ ಎರಡೂ ಟೈರಿನ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಟೈರನ್ನು ಹಿಡಿದಿಡಲು ಬಿಡಿ ರಿಂಗ್ ಹಾಕಿದ ರಿಮ್ಮುಗಳಲ್ಲಿ ಒಳರಿಮ್ಮು ಬಿರುಕು ಬಿಟ್ಟಿದ್ದರೆ ಅದನ್ನು ಹಿಡಿದಿಟ್ಟಿರುವುದು ಹೊರಚಕ್ರವೇ. ನಟ್ ಸಡಿಲವಾದ ಕ್ಷಣದಲ್ಲಿ ರಿಂಗ್ ಸಿಡಿದು ಎದುರು ಕೂತವನ ಜೀವಕ್ಕೇ ಬರುತ್ತದೆ. ಗಾಳಿ ತುಂಬುವಾಗಲೂ ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನಿಂದ, ಪಕ್ಕಕ್ಕೆ ನಿಂತು ತುಂಬಬೇಕು. ಪಂಜರ ಇಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ.

ಮತ್ತೆ ಕೂರಿಸುವ ಮೊದಲು ಎರಡು ರಿಮ್ಮು ಒಂದಕ್ಕೊಂದು ಕೂಡುವ ಮುಖದಲ್ಲಿನ ತುಕ್ಕು, ಮಣ್ಣು, ದಪ್ಪ ಪೇಂಟ್ ಕೆರೆದು ತೆಗೆಯಿರಿ. ಅದರ ಮೇಲೆಯೇ ಬಿಗಿದರೆ ಓಡುತ್ತಾ ಪೇಂಟು ಪುಡಿಯಾಗಿ ಉದುರಿ ನಟ್ ಸಡಿಲವಾಗುತ್ತದೆ, ಸ್ಟಡ್ ಮುರಿಯುತ್ತದೆ. ಎದುರುಬದಿರಾಗಿ ನಟ್ ಬಿಗಿಸಿ, ಮ್ಯಾನ್ಯುಯಲ್ಲಿನಲ್ಲಿರುವ ಟಾರ್ಕಿಗೆ ಕೊನೆಯ ಬಿಗಿತ ಕೊಡಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ. ಕ್ರಷರ್ ದಾರಿಯ ಗಾಡಿಯಾದರೆ ಪ್ರತಿ ಟ್ರಿಪ್ ಮುಗಿದಾಗ ಜೋಡಿಯ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ನೋಡಿ ರಾಡಿನಿಂದ ಮೀಟಿ ತೆಗೆಯಿರಿ. ಹಾಗೇ ಬಿಟ್ಟರೆ ಎರಡೂ ಪಕ್ಕೆಗಳನ್ನು ಅದೊಂದೇ ಕೊರೆದು ಹಾಕುತ್ತದೆ.